ಕೊಕ್ಕು ಹಾಕಿದ ಮರಿ ಚಿಪ್ಪಲ್ಲೇ ಸಾಯುತ್ತಿದ್ದರೆ

ಮದ್ದೂರಿನಿಂದ ಕೇಳಿದ್ದೀರಿ: ಇನ್‌ಕ್ಯುಬೇಟರ್‌ನಲ್ಲಿ (ಶಾಖ ಕೊಟ್ಟು ಮರಿ ಮಾಡೋ ಪೆಟ್ಟಿಗೆ) 30 ನಾಟಿ ಕೋಳಿ ಮೊಟ್ಟೆ ಇಟ್ಟೆ, 12 ಮರಿ ಚಿಪ್ಪಿಗೆ ತೂತು ಮಾಡಿ ಅಲ್ಲೇ ಸತ್ತವು, ಕೊನೇ ಮೂರು ದಿನ ಮುಚ್ಚಳ ತೆಗೆದು ನೀರು ಚಿಮುಕಿಸಿದ್ದೆ ಅಂತ. ಎಡವಟ್ಟಾಗಿರೋದು ಆ ಮುಚ್ಚಳದಲ್ಲೇ. ತೆಗೆದ ಕೂಡಲೇ ತೇವ ಹಾರಿ, ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತೆ. ಅದು ಒಳಗೆ ತಿರುಗೋಕಾಗಲ್ಲ.

18ನೇ ದಿನ ಮೊಟ್ಟೆ ತಿರುಗಿಸೋದು ನಿಲ್ಲಿಸಿ, ಅಗಲ ತಟ್ಟೆಯಲ್ಲಿ ಬೆಚ್ಚನೆ ನೀರು, ಒದ್ದೆ ಸ್ಪಂಜು ಇಟ್ಟು ತೇವಾಂಶ ಶೇ. 65–70ಕ್ಕೆ ಏರಿಸಿ. ಆಮೇಲೆ ಮುಚ್ಚಳ ಮುಟ್ಟಲೇಬೇಡಿ. ನೀರು ಸಾಲದಿದ್ದರೆ ಗಾಳಿಕಿಂಡಿಯಿಂದ ಸಣ್ಣ ಪೈಪಲ್ಲಿ ತಟ್ಟೆಗೆ ಬಿಡಿ. ಕಿಂಡಿ ಮಾತ್ರ ಮುಚ್ಚಬಾರದು, ಮರಿಗೆ ಉಸಿರು ಬೇಕಲ್ಲ!

18ನೇ ದಿನಕ್ಕೂ ಮುಂಚೆ ತೇವಾಂಶ ಶೇ. 45–50 ಸಾಕು. ಫ್ಯಾನ್ ಇರೋ ಪೆಟ್ಟಿಗೆಗೆ ಶಾಖ 37.5 ಡಿಗ್ರಿ ಸೆಲ್ಸಿಯಸ್, ಶಾಖ ತೋರಿಸೋ ಅಗ್ಗದ ಮೀಟರನ್ನು ಜ್ವರದ ಥರ್ಮಾಮೀಟರ್ ಜೊತೆ ತಾಳೆ ನೋಡಿ. ಹುಟ್ಟಿದ ಮರಿ 24 ಗಂಟೆ ಒಳಗಿದ್ದರೂ ಹಸಿವಿಗೆ ಸಾಯಲ್ಲ, ಹೊಟ್ಟೆಯೊಳಗೆ ಹಳದಿ ಉಳಿದಿರುತ್ತೆ.