ಐರನ್ ಮೇಡನ್ ಈಗಲಾದರೂ ಬೇರೆ ಥರದ ಪ್ರೊಡ್ಯೂಸರ್‌ನ ಕರೆಸಬೇಕಾ?

ಇಂಗ್ಲೆಂಡಿನ ಈ ಹೆವಿ ಮೆಟಲ್ ಬ್ಯಾಂಡ್ ಹೊಸ ಪ್ರೊಡ್ಯೂಸರ್‌ನ (ಅಂದರೆ ಆಲ್ಬಂ ರೆಕಾರ್ಡಿಂಗಿನ ಉಸ್ತುವಾರಿ ನೋಡುವವರನ್ನ) ಕರೆಸಲಿ ಅಂತಲೇ ನನ್ನ ಆಸೆ. ಆದರೆ ನೀವು ಹೇಳುವ ಕಾರಣಕ್ಕಲ್ಲ. ಅವರ ಸೌಂಡ್ ಹಳತಾಗಿದೆ, ಅಮೆರಿಕದ ಪ್ರೊಡ್ಯೂಸರ್ ರಿಕ್ ರೂಬಿನ್ ಥರದವರು ಬಂದರೆ ಸರಿಹೋಗುತ್ತದೆ ಅಂತೀರಿ. ನನ್ನ ಪ್ರಕಾರ ತೊಂದರೆ ಇರುವುದು ಸೌಂಡಿನಲ್ಲಲ್ಲ, ಹಾಡಿನ ಉದ್ದದಲ್ಲಿ.

2021ರ 'ಸೆಂಜುಟ್ಸು' ಆಲ್ಬಂ ನೋಡಿ. ಹಾಡು ಹತ್ತೇ, ಆದರೆ 80 ನಿಮಿಷಕ್ಕೂ ಜಾಸ್ತಿ. ಕೊನೆಯ ಮೂರನ್ನೂ ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್ ಒಬ್ಬರೇ ಬರೆದಿದ್ದಾರೆ, ಮೂರೂ 10 ನಿಮಿಷ ದಾಟುತ್ತವೆ. 'ಡೆತ್ ಆಫ್ ದ ಸೆಲ್ಟ್ಸ್' ಮೆಲ್ಲಗೆ ಶುರುವಾಗುತ್ತದೆ, ನಿಧಾನಕ್ಕೆ ಕಾವೇರುತ್ತದೆ. 'ಹೆಲ್ ಆನ್ ಅರ್ಥ್' ಕೂಡ ಅದೇ ದಾರಿ. ಈ ಎರಡನೆಯದು ನನಗೆ ತುಂಬಾ ಇಷ್ಟ, ಆದರೆ ಅದು ಬರುವಷ್ಟರಲ್ಲಿ ಕಿವಿ ಸೋತಿರುತ್ತದೆ. 'ಇದರಲ್ಲಿ ಮೂರು ನಿಮಿಷ ತೆಗೀರಿ' ಅನ್ನೋಕೆ ಅಲ್ಲಿ ಯಾರಿದ್ದಾರೆ? ಕೆವಿನ್ ಶರ್ಲಿ 2000ದ ಆಲ್ಬಂನಿಂದ ಪ್ರೊಡ್ಯೂಸರ್ ಆಗಿದ್ದಾರೆ, ಸರಿ. ಜೊತೆಗೆ ಸಹ ಪ್ರೊಡ್ಯೂಸರ್ ಅಂತ ಹ್ಯಾರಿಸ್ ಹೆಸರೂ ಇರುತ್ತದಲ್ವಾ! ಬರೆದವರ ಕೈಗೇ ಕತ್ತರಿ ಕೊಟ್ಟ ಹಾಗಾಯಿತು.

ಹಾಗಂತ ಶರ್ಲಿಯವರನ್ನು ಸುಮ್ನೆ ಬೈಯುವವನಲ್ಲ ನಾನು. ಬ್ಯಾಂಡ್ ಒಟ್ಟಿಗೆ ನಿಂತು ನುಡಿಸಿದ್ದನ್ನೇ ರೆಕಾರ್ಡ್ ಮಾಡುವುದು ಅವರ ಪದ್ಧತಿ. 2007ರಲ್ಲಿ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ಗೆ ಹೋಗಿದ್ದವರಿಗೆ ಗೊತ್ತು, ಈ ಮೂರು ಗಿಟಾರ್ ಒಟ್ಟಿಗೆ ಮೊಳಗಿದರೆ ಹೇಗಿರುತ್ತದೆ ಅಂತ. ಅದಕ್ಕೆ ಕೈ ಹಾಕಬಾರದು.

ಇನ್ನು ರೂಬಿನ್. 2008ರಲ್ಲಿ ಮೆಟಾಲಿಕಾ ಬ್ಯಾಂಡಿನವರು ಅವರ ಜೊತೆ 'ಡೆತ್ ಮ್ಯಾಗ್ನೆಟಿಕ್' ಮಾಡಿದರು. ಹಾಡುಗಳಿಗೇನೋ ಹಳೆಯ ಖದರು ಬಂತು. ಆದರೆ ಸಿಡಿಯಲ್ಲಿ ವಾಲ್ಯೂಮ್ ಎಷ್ಟು ಏರಿಸಿದ್ದರು ಅಂದರೆ ಡ್ರಮ್ಮಿನ ಏಟು ಒಡೆದು ಕೇಳುತ್ತಿತ್ತು. ಅವೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮ್‌ನಲ್ಲಿ ಎಷ್ಟೋ ಚೆನ್ನಾಗಿದ್ದವು. ಅಭಿಮಾನಿಗಳು ಗೇಮ್‌ನಿಂದಲೇ ಹಾಡು ತೆಗೆದು ಕೇಳಿದರು, ಪಾಪ.

ನನಗೆ ಹಿಡಿಸಿದ್ದು ಇನ್ನೊಬ್ಬ ಪ್ರೊಡ್ಯೂಸರ್ ಬ್ರಯಾನ್ ಈನೋ ದಾರಿ. ಯು2 ಬ್ಯಾಂಡಿನ 'ಆಕ್ಟುಂಗ್ ಬೇಬಿ' (1991) ಮಾಡುವಾಗ ಮುಖ್ಯ ಕೆಲಸ ಡೇನಿಯಲ್ ಲಾನ್ವಾ ಅವರದು. ಈನೋ ಆಗಾಗ ಬಂದು, ಅಲ್ಲಿಯವರೆಗೆ ಆದದ್ದನ್ನು ಹೊರಗಿನವರ ಹಾಗೆ ಕೇಳಿ, ಜಾಸ್ತಿ ಅನಿಸಿದ್ದನ್ನು ತೆಗೆಸುತ್ತಿದ್ದರು. ಮೇಡನ್‌ಗೂ ಅಂಥವರೊಬ್ಬರು ಸಾಕು. ಶರ್ಲಿ ಇರಲಿ. ರೆಕಾರ್ಡಿಂಗಿಗೆ ಮೊದಲು, ಹಾಡು ಕಟ್ಟುವಾಗಲೇ, ಈ ಹೊರಗಿನವರು ಬಂದು ಕೂರಲಿ.

ಹ್ಯಾರಿಸ್ ಒಪ್ಪುತ್ತಾರಾ? 2006ರ ಆಲ್ಬಂಗೆ ಮಾಸ್ಟರಿಂಗೇ (ಮಿಕ್ಸ್ ಆದ ಮೇಲೆ ಸೌಂಡಿಗೆ ಕೊಡುವ ಕೊನೆಯ ಹದ) ಬೇಡ, ಮಿಕ್ಸ್ ಆದ ಹಾಗೇ ಬರಲಿ ಅಂದವರು ಅವರು. ನನಗಂತೂ ನಂಬಿಕೆ ಕಡಿಮೆ.