ಕಡಿಮೆ ಬಜೆಟ್‌ನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮಿಂಗ್ ಪಿಸಿ ಮಾಡುವುದಾದರೆ ಯಾವ ಕಾರ್ಡ್ ತಗೊಳ್ಳಬೇಕು?

ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ನಿಮ್ಮ ಹತ್ತಿರ ಈಗಾಗಲೇ ಎಎಂಡಿಯ ಒಂದು ಆರ್‌ಎಕ್ಸ್ 580 ಕಾರ್ಡ್ ಇದೆ, 8 ಜಿಬಿಯದ್ದು. ಬಿ450 ಮದರ್‌ಬೋರ್ಡ್, 550 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ), 1080ಪಿ ಮಾನಿಟರ್. ಇನ್ನೊಂದು ಸೆಕೆಂಡ್ ಹ್ಯಾಂಡ್ 580 ತಂದು ಕ್ರಾಸ್‌ಫೈರ್ ಮಾಡುವುದಾ, ಇಲ್ಲಾ ಇದನ್ನು ಮಾರಿ ಎರಡು ಜಿಟಿಎಕ್ಸ್ 1060 ತಗೊಂಡು ಎಸ್‌ಎಲ್‌ಐ ಮಾಡುವುದಾ ಅಂತ ಕೇಳಿದ್ದೀರಿ. ಎರಡು ಕಾರ್ಡ್ ಜೋಡಿಸಿ ಒಂದೇ ಆಟ ಓಡಿಸುವುದಕ್ಕೆ ಎಎಂಡಿ ಕಾರ್ಡ್‌ಗಳಲ್ಲಿ ಕ್ರಾಸ್‌ಫೈರ್ ಅಂತಲೂ ಎನ್ವಿಡಿಯಾ ಕಾರ್ಡ್‌ಗಳಲ್ಲಿ ಎಸ್‌ಎಲ್‌ಐ ಅಂತಲೂ ಹೆಸರು.

ಮೊದಲು ಅರ್ಜೆಂಟಾಗಿ ಒಂದು ಮಾತು. 1060ಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲದಿದ್ದರೆ ಕೊಡಬೇಡಿ. ಜಿಟಿಎಕ್ಸ್ 1060ಗೆ ಎಸ್‌ಎಲ್‌ಐ ಇಲ್ಲವೇ ಇಲ್ಲ. ಕಾರ್ಡಿನ ಮೇಲಂಚಿನಲ್ಲಿ ಎರಡು ಕಾರ್ಡ್ ಬೆಸೆಯುವ ಬ್ರಿಡ್ಜ್ ಸಿಕ್ಕಿಸಲು ಚಿನ್ನದ ಬಣ್ಣದ ಹಲ್ಲುಗಳು ಇರುತ್ತವಲ್ಲ, ಅವೇ ಅದರಲ್ಲಿಲ್ಲ. 2016ರಲ್ಲಿ ಆ ಸರಣಿ ಬಂದಾಗಲೇ ಎನ್ವಿಡಿಯಾ ಎಸ್‌ಎಲ್‌ಐಯನ್ನು 1070 ಮತ್ತು ಅದರ ಮೇಲಿನ ಕಾರ್ಡ್‌ಗಳಿಗೆ ಮಾತ್ರ ಇಟ್ಟುಕೊಂಡಿತು. ಎರಡು 1060 ಹಾಕಿದರೆ ಆಟದಲ್ಲಿ ಒಂದು ದುಡಿಯುತ್ತದೆ, ಇನ್ನೊಂದು ಸುಮ್ನೆ ಕೂತಿರುತ್ತದೆ.

ಹಾಗಾದರೆ ಎರಡು 580? ಅದೂ ಬೇಡ ಅಂತಲೇ ನನ್ನ ಉತ್ತರ. ಎರಡನೇ ಕಾರ್ಡಿಗೆ ಇಟ್ಟ ದುಡ್ಡಿಗೆ ನಿಮ್ಮ 580 ಮಾರಿ ಬಂದದ್ದನ್ನೂ ಸೇರಿಸಿ, ಒಂದೇ ಒಂದು ಒಳ್ಳೆಯ ಕಾರ್ಡ್ ತಗೊಳ್ಳಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಆಸೆ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ನನಗೆ ಗೊತ್ತು, ನಾನೂ ಇದೇ ದಾರಿಯಲ್ಲಿ ಹೋಗಿ ಬಂದವನು.

ಕೆಲವು ವರ್ಷಗಳ ಹಿಂದೆ ಒಂದೇ ಮಾದರಿಯ ಎರಡು ಮಧ್ಯಮ ದರ್ಜೆಯ ಕಾರ್ಡ್ ಜೋಡಿಸಿದ್ದೆ. ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿದಾಗ ಸ್ಕೋರ್ ಹೆಚ್ಚುಕಡಿಮೆ ದುಪ್ಪಟ್ಟು ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಎರಡು ದಿನ ಬಿಟ್ಟು ಒಂದು ಓಪನ್ ವರ್ಲ್ಡ್ ಆಟದಲ್ಲಿ ಕಾರು ಓಡಿಸುತ್ತಿದ್ದೆ. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ) 60 ಅಂತ ತೋರಿಸುತ್ತಿತ್ತು. ಆದರೆ ರಸ್ತೆ ಪಕ್ಕದ ದೀಪದ ಕಂಬಗಳು ಜಾರಿ ಹೋಗುವ ಬದಲು ತಡವರಿಸಿ ತಡವರಿಸಿ ಹೋಗುತ್ತಿದ್ದವು. ಕಣ್ಣಿನ ದೋಷವೇನೋ ಅಂದುಕೊಂಡೆ. ಆಮೇಲೆ ಒಂದೊಂದು ಫ್ರೇಮ್ ಎಷ್ಟು ಹೊತ್ತು ತಗೊಳ್ಳುತ್ತದೆ ಅಂತ ದಾಖಲು ಮಾಡಿ ನೋಡಿದೆ. 6 ಮಿಲಿಸೆಕೆಂಡ್, 27, ಮತ್ತೆ 6, ಮತ್ತೆ 27. ಸರಾಸರಿ ಹಾಕಿದರೆ 16.5, ಅಂದರೆ ಸೆಕೆಂಡಿಗೆ 60 ಫ್ರೇಮ್. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕಣ್ಣಿಗೆ ಸಿಗುವುದು ಆ ಉದ್ದದ 27. ಅದು 37 ಎಫ್‌ಪಿಎಸ್ ಇದ್ದಂತೆ. ಒಂದು ಕಾರ್ಡನ್ನು ಡ್ರೈವರ್‌ನಲ್ಲಿ (ಕಾರ್ಡ್ ನಡೆಸುವ ತಂತ್ರಾಂಶದಲ್ಲಿ) ಆಫ್ ಮಾಡಿದೆ. ಕೌಂಟರ್ 42ಕ್ಕೆ ಇಳಿಯಿತು, ಆಟ ಮಾತ್ರ ಮೊದಲಿಗಿಂತ ನಯವಾಯಿತು! ಅವತ್ತಿನಿಂದ ನಾನು ಎಫ್‌ಪಿಎಸ್ ಸರಾಸರಿಯನ್ನು ಮಾತ್ರ ನೋಡಿ ಯಾವ ಕಾರ್ಡನ್ನೂ ಅಳೆದಿಲ್ಲ.

ಇದನ್ನೇ ಮೈಕ್ರೋ ಸ್ಟಟರ್ ಅನ್ನುತ್ತಾರೆ. ಜೋಡಿ ಕಾರ್ಡ್‌ಗಳು ಸಾಮಾನ್ಯವಾಗಿ ಕೆಲಸ ಹಂಚಿಕೊಳ್ಳುವುದು ಸರದಿಯಲ್ಲಿ: ಒಂದು ಫ್ರೇಮ್ ಇದು, ಮುಂದಿನ ಫ್ರೇಮ್ ಅದು. ಒಂದೇ ಒರಳಿಗೆ ಎರಡು ಒನಕೆ ಹಾಕಿ ಕುಟ್ಟಿದ ಹಾಗೆ. ಲಯ ಸರಿಯಿದ್ದರೆ ಚೆಂದ, ತಪ್ಪಿತೋ ಒನಕೆಗೆ ಒನಕೆ ತಾಗುತ್ತದೆ. 2013ರಲ್ಲಿ ಈ ವಿಷಯ ದೊಡ್ಡದಾಗಿ ಚರ್ಚೆಯಾಗಿ, ಎಎಂಡಿ ಫ್ರೇಮ್‌ಗಳ ನಡುವಿನ ಅಂತರ ಸರಿಮಾಡುವ ಡ್ರೈವರ್ ಬಿಟ್ಟಿತು. ತುಂಬಾ ಸುಧಾರಿಸಿತು ನಿಜ, ಪೂರ್ತಿ ಹೋಗಲಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ಮೆಮೊರಿಯದ್ದು. 8 ಜಿಬಿ ಮತ್ತು 8 ಜಿಬಿ ಸೇರಿದರೆ 16 ಜಿಬಿ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಎರಡೂ ಕಾರ್ಡ್ ಅದೇ ದೃಶ್ಯವನ್ನು ಬಿಡಿಸಬೇಕು, ಹಾಗಾಗಿ ಅದೇ ಟೆಕ್ಸ್ಚರ್‌ಗಳ (ವಸ್ತುಗಳ ಮೇಲ್ಮೈ ಚಿತ್ರಗಳ) ಒಂದೊಂದು ಪ್ರತಿ ಎರಡರಲ್ಲೂ ಇರಬೇಕು. ಆಟಕ್ಕೆ ಸಿಗುವುದು 8 ಜಿಬಿಯೇ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಈ ಜೋಡಿ ಕಾರ್ಡ್‌ಗಳ ಕಾಲವೇ ಮುಗಿದಿದೆ. 1998ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ2 ಕಾರ್ಡ್‌ಗಳಿಂದ ಇದು ಶುರುವಾಯಿತು. ಆಗ ಒಂದು ಕಾರ್ಡ್ ಸಮಸಂಖ್ಯೆಯ ಸಾಲು, ಇನ್ನೊಂದು ಬೆಸಸಂಖ್ಯೆಯ ಸಾಲು ಬಿಡಿಸುತ್ತಿತ್ತು, ಅದರ ಹೆಸರೂ ಎಸ್‌ಎಲ್‌ಐ. ಆ ಹೆಸರನ್ನೇ ಇಟ್ಟುಕೊಂಡು 2004ರಲ್ಲಿ ಎನ್ವಿಡಿಯಾ ಬೇರೆ ರೀತಿಯಲ್ಲಿ ಎಸ್‌ಎಲ್‌ಐ ತಂದಿತು, ಮರುವರ್ಷ ಎಟಿಐ (ಆಮೇಲೆ ಎಎಂಡಿಗೆ ಸೇರಿದ ಕಂಪನಿ) ಕ್ರಾಸ್‌ಫೈರ್ ತಂದಿತು. ಇವೆಲ್ಲ ನಿಂತಿದ್ದದ್ದು ಡ್ರೈವರ್ ಮೇಲೆ. ಒಂದೊಂದು ಆಟಕ್ಕೂ ಒಂದೊಂದು ಪ್ರೊಫೈಲ್ (ಕೆಲಸ ಹೇಗೆ ಹಂಚಬೇಕು ಅನ್ನುವ ಸೂಚನೆ) ಬೇಕಿತ್ತು, ಅದನ್ನು ಕಾರ್ಡ್ ಕಂಪನಿಯೇ ಬರೆಯುತ್ತಿತ್ತು. ಡೈರೆಕ್ಟ್‌ಎಕ್ಸ್ 12 (ಆಟಗಳು ಕಾರ್ಡಿನ ಜೊತೆ ಮಾತಾಡುವ ವಿಂಡೋಸ್ ವ್ಯವಸ್ಥೆ) ಬಂದ ಮೇಲೆ ಆ ಹೊಣೆ ಆಟ ಮಾಡುವವರ ತಲೆಗೆ ಬಂತು. ಎರಡು ಕಾರ್ಡ್ ಇರುವ ಬೆರಳೆಣಿಕೆಯ ಜನಕ್ಕಾಗಿ ತಿಂಗಳುಗಟ್ಟಲೆ ಕೆಲಸ ಮಾಡಲು ಯಾರು ತಯಾರಿರುತ್ತಾರೆ ಹೇಳಿ? ಆಶಸ್ ಆಫ್ ದಿ ಸಿಂಗ್ಯುಲಾರಿಟಿ, ಶ್ಯಾಡೋ ಆಫ್ ದಿ ಟೂಂಬ್ ರೈಡರ್, ಸ್ಟ್ರೇಂಜ್ ಬ್ರಿಗೇಡ್ ತರಹದ ಕೆಲವೇ ಆಟಗಳಲ್ಲಿ ಆ ಬೆಂಬಲ ಬಂತು. ಜೊತೆಗೆ ಈಗಿನ ಆಟಗಳು ಹಿಂದಿನ ಫ್ರೇಮ್ ನೋಡಿಕೊಂಡು ಮುಂದಿನದನ್ನು ಬಿಡಿಸುತ್ತವೆ, ಅಂಚು ನಯ ಮಾಡುವುದೂ ಹಾಗೆಯೇ. ಹಿಂದಿನ ಫ್ರೇಮ್ ಪಕ್ಕದ ಕಾರ್ಡಿನಲ್ಲಿದ್ದರೆ ಅದು ಬರುವ ತನಕ ಇದು ಕಾಯಬೇಕು. ಸರದಿಯ ಲಾಭವೆಲ್ಲ ಅಲ್ಲೇ ಕರಗುತ್ತದೆ.

ಕಂಪನಿಗಳೂ ಕೈಬಿಟ್ಟವು. 2019ರ ಆರ್‌ಎಕ್ಸ್ 5700ರಲ್ಲಿ ಕ್ರಾಸ್‌ಫೈರ್ ಇರಲಿಲ್ಲ. ಎನ್ವಿಡಿಯಾದ 30ರ ಸರಣಿಯ ಗೇಮಿಂಗ್ ಕಾರ್ಡ್‌ಗಳಲ್ಲಿ ಜೋಡಿಸುವ ಕನೆಕ್ಟರ್ ಇದ್ದದ್ದು 3090 ವರ್ಗದಲ್ಲಿ ಮಾತ್ರ. 40ರ ಸರಣಿಯಲ್ಲಿ ಅದೂ ಹೋಯಿತು. ಹಳೆಯ ಕಾರ್ಡ್‌ಗಳಿಗೂ 2021ರ ಜನವರಿ 1ರಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ ಬರೆಯುವುದನ್ನು ನಿಲ್ಲಿಸಿದರು. ಅಂದರೆ ನೀವು ಈಗ ಜೋಡಿ ಹಾಕಿದರೆ, ಹೊಸದಾಗಿ ಬರುವ ಹೆಚ್ಚುಕಡಿಮೆ ಯಾವ ಆಟದಲ್ಲೂ ಎರಡನೇ ಕಾರ್ಡ್ ಕಣ್ಣು ಬಿಡುವುದಿಲ್ಲ.

ನಿಮ್ಮ ಬೋರ್ಡಿನ ಕಥೆಯನ್ನೂ ನೋಡಿಬಿಡಿ. ಪಿಸಿ ಆಫ್ ಮಾಡಿ, ಪಕ್ಕದ ಮುಚ್ಚಳ ತೆಗೆದು, ಕೆಳಗಿನ ಉದ್ದದ ಸ್ಲಾಟ್ ಒಳಗೆ ಮೊಬೈಲ್ ಟಾರ್ಚ್ ಬಿಡಿ. ಮೇಲಿನ ಸ್ಲಾಟಿನಲ್ಲಿ ಲೋಹದ ಪಿನ್‌ಗಳು ಈ ತುದಿಯಿಂದ ಆ ತುದಿಯವರೆಗೆ ಇರುತ್ತವೆ. ಕೆಳಗಿನದರಲ್ಲಿ ಎಷ್ಟೋ ಬೋರ್ಡ್‌ಗಳಲ್ಲಿ ಶುರುವಿನ ಒಂದಿಷ್ಟು ದೂರ ಮಾತ್ರ, ಮುಂದೆ ಬರೀ ಪ್ಲಾಸ್ಟಿಕ್. ಉದ್ದ 16 ಲೇನಿನದ್ದು (ಲೇನ್ ಅಂದರೆ ಡೇಟಾ ಓಡುವ ದಾರಿ), ತಂತಿ 4 ಲೇನಿನದ್ದು. ಬಿ450 ಬೋರ್ಡ್‌ಗಳಲ್ಲಿ ಆ 4 ಲೇನ್ ಸಾಮಾನ್ಯವಾಗಿ ಚಿಪ್‌ಸೆಟ್ ಮೂಲಕ ಬರುತ್ತವೆ, ಅದೂ ಹಳೆಯ ಪಿಸಿಐ ಎಕ್ಸ್‌ಪ್ರೆಸ್ 2.0 ವೇಗದಲ್ಲಿ. 580ಗಳ ನಡುವೆ ಬ್ರಿಡ್ಜ್ ಇರುವುದಿಲ್ಲ, ಅವು ಮಾತಾಡಿಕೊಳ್ಳುವುದೇ ಈ ಲೇನ್‌ಗಳ ಮೇಲೆ. ಒಂದು ಹೆದ್ದಾರಿಯಲ್ಲಿ, ಇನ್ನೊಂದು ಗಲ್ಲಿಯಲ್ಲಿ!

ಕರೆಂಟ್ ಲೆಕ್ಕ ಇನ್ನೂ ಸರಳ. ಒಂದು 580ಗೆ 185 ವ್ಯಾಟ್, ಎರಡಕ್ಕೆ 370. ಪ್ರೊಸೆಸರ್ ಮತ್ತು ಉಳಿದದ್ದೆಲ್ಲ ಸೇರಿಸಿದರೆ ನಿಮ್ಮ 550 ವ್ಯಾಟ್ ಅಂಚಿಗೆ ಬಂದು ನಿಲ್ಲುತ್ತದೆ. ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಇದಕ್ಕಿಂತ ಜಾಸ್ತಿ ಎಳೆಯುವುದೂ ಉಂಟು. ನನ್ನ ಜೋಡಿಯಲ್ಲಿ ಆಟದ ನಡುವೆ ಪಿಸಿ ಎರಡು ಸಲ ದಪ್ಪಂತ ಆಫ್ ಆಯಿತು, ಕೊನೆಗೆ ದೊಡ್ಡ ಎಸ್‌ಎಂಪಿಎಸ್ ತರಲೇಬೇಕಾಯಿತು. ಬಿಸಿಯೂ ಹಾಗೆಯೇ. ಎರಡು ಕಾರ್ಡ್ ನಡುವೆ ಒಂದು ಬೆರಳಷ್ಟೇ ಜಾಗ. ಕೆಳಗಿನದು 67 ಡಿಗ್ರಿಯಲ್ಲಿದ್ದಾಗ, ಅದರ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತಿದ್ದ ಮೇಲಿನದು 84 ಮುಟ್ಟುತ್ತಿತ್ತು.

ಹಾಗಾದರೆ ಯಾವ ಒಂಟಿ ಕಾರ್ಡ್? ನಿಮ್ಮ ಬೋರ್ಡ್, ನಿಮ್ಮ ಎಸ್‌ಎಂಪಿಎಸ್, 1080ಪಿ ಮೂರನ್ನೂ ನೋಡಿ ಹೇಳುವುದಾದರೆ ನನ್ನ ಮೊದಲ ಆಯ್ಕೆ ಆರ್‌ಎಕ್ಸ್ 6600. 8 ಜಿಬಿ, ಬರೀ 132 ವ್ಯಾಟ್, ಒಂದು 8 ಪಿನ್ ಕೇಬಲ್ ಸಾಕು. ನಿಮ್ಮ 580ಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ವೇಗ, ಅದೂ ಎಲ್ಲ ಆಟದಲ್ಲಿ. ಯಾವ ಪ್ರೊಫೈಲ್ ಹಂಗೂ ಇಲ್ಲ. ಇನ್ನೂ ಸ್ವಲ್ಪ ಹಾಕಲು ಆಗುತ್ತದೆ ಅಂದರೆ ಆರ್‌ಟಿಎಕ್ಸ್ 3060, ಆದರೆ 12 ಜಿಬಿಯದ್ದೇ ನೋಡಿ. 170 ವ್ಯಾಟ್, ಡಿಎಲ್ಎಸ್ಎಸ್ (ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಎಐನಿಂದ ದೊಡ್ಡದು ಮಾಡಿ ವೇಗ ಹೆಚ್ಚಿಸುವ ತಂತ್ರ) ಸಿಗುತ್ತದೆ, ಮೆಮೊರಿ ಧಾರಾಳ. ಅದೇ ಹೆಸರಲ್ಲಿ 8 ಜಿಬಿಯದ್ದೂ ಇದೆ, ಅದರ ಮೆಮೊರಿ ದಾರಿಯೇ ಕಿರಿದು, ವೇಗವೂ ಕಡಿಮೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್ ಆರ್ಕ್ ಬಿ580 ಕೂಡ 12 ಜಿಬಿಯದ್ದು, ಒಳ್ಳೆಯ ಕಾರ್ಡ್. ಆದರೆ ಅದಕ್ಕೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ) ರೀಸೈಜಬಲ್ ಬಾರ್, ಅಂದರೆ ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ಒಟ್ಟಿಗೆ ತೆರೆದಿಡುವ ಸೌಲಭ್ಯ, ಆನ್ ಇರಲೇಬೇಕು, ಹಳೆಯ ಪ್ರೊಸೆಸರ್ ಜೊತೆ ಅದು ಸೊರಗುತ್ತದೆ. ನಿಮ್ಮ ಬಿ450ನಲ್ಲಿ ಹಳೆಯ ರೈಝನ್ ಇದ್ದರೆ ಅದರ ಕಡೆ ಹೋಗಬೇಡಿ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ: 4 ಜಿಬಿ, ನಾಲ್ಕೇ ಲೇನ್, ನಿಮ್ಮ ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ 3.0 ಸ್ಲಾಟಿನಲ್ಲಿ ಉಸಿರು ಕಟ್ಟುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಬೋರ್ಡಿಗೆ ಹಾಕಿ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆದು ಶೇಡರ್, ಅಂದರೆ ಚಿತ್ರ ಬಿಡಿಸುವ ಸಣ್ಣ ಘಟಕಗಳ, ಸಂಖ್ಯೆ ನೋಡಿ. ಉದಾಹರಣೆಗೆ ನಿಜವಾದ 580ರಲ್ಲಿ 2304 ಇರುತ್ತದೆ, ಅದೇ ಹೆಸರು ಹೊತ್ತ ಇನ್ನೊಂದರಲ್ಲಿ 2048. 20 ನಿಮಿಷ ಪೂರ್ತಿ ಲೋಡ್ ಕೊಡಿ, ಪರದೆಯಲ್ಲಿ ಚುಕ್ಕಿ, ಗೆರೆ ಬರುತ್ತದಾ ನೋಡಿ, ಫ್ಯಾನಿನಿಂದ ಗರಗರ ಸದ್ದು ಬರುತ್ತದಾ ಕೇಳಿ. ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಅಂದ ಮಾತ್ರಕ್ಕೆ ನಾನು ಬೇಡ ಅನ್ನುವುದಿಲ್ಲ. ಫ್ಯಾನ್ ಮತ್ತು ಥರ್ಮಲ್ ಪೇಸ್ಟ್ ಬದಲಿಸಿದರೆ ಎಷ್ಟೋ ಕಾರ್ಡ್ ಚೆನ್ನಾಗಿ ಬಾಳುತ್ತವೆ. ಕಾರ್ಡಿನ ಬಯಾಸ್ ತಿದ್ದಿದ್ದಾರಾ ಅಂತ ಮಾತ್ರ ಕೇಳಿ.

ಇಷ್ಟೆಲ್ಲ ಹೇಳಿದರೂ ಎರಡು ಕಾರ್ಡ್ ಹಾಕುವ ಆಸೆ ಉಳಿದಿದ್ದರೆ, ಅದಕ್ಕೆ ಈಗ ಒಂದು ಒಳ್ಳೆಯ ದಾರಿ ಇದೆ. ಎರಡೂ ಕಾರ್ಡ್ ಒಂದೇ ಕೆಲಸವನ್ನು ಹಂಚಿಕೊಳ್ಳದೆ, ಬೇರೆ ಬೇರೆ ಕೆಲಸ ಮಾಡುವ ದಾರಿ. ಸ್ಟೀಮ್‌ನಲ್ಲಿ ಲಾಸ್‌ಲೆಸ್ ಸ್ಕೇಲಿಂಗ್ ಅಂತ ಒಂದು ತಂತ್ರಾಂಶ ಸಿಗುತ್ತದೆ. ಹೊಸ ಕಾರ್ಡ್ ಆಟವನ್ನು ಬಿಡಿಸುತ್ತದೆ. ಹಳೆಯದು ಎರಡು ಫ್ರೇಮ್ ನಡುವೆ ಇನ್ನೊಂದನ್ನು ಸೃಷ್ಟಿಸಿ ಸೇರಿಸುತ್ತದೆ. ಕಾರ್ಡ್‌ಗಳು ಒಂದೇ ಮಾದರಿ, ಒಂದೇ ಕಂಪನಿ ಆಗಿರಬೇಕಿಲ್ಲ. ಹಳೆಯ ಕ್ರಾಸ್‌ಫೈರ್‌ನಲ್ಲಿ ಬೇರೆ ಬೇರೆ ಕಾರ್ಡ್ ಕಟ್ಟಿದರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವಂತಾಗುತ್ತಿತ್ತು. ಇಲ್ಲಿ ಆ ಜಗಳವಿಲ್ಲ.

ನಿಮ್ಮ ಸಣ್ಣ ಸ್ಲಾಟ್ ಇದಕ್ಕೆ ಸಾಕಾ? ಲೆಕ್ಕ ಹಾಕೋಣ. 1080ಪಿ ಫ್ರೇಮಿನಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಒಂದಕ್ಕೆ 4 ಬೈಟ್ ಅಂದರೆ ಫ್ರೇಮಿಗೆ 8.3 ಎಂಬಿ. ಸೆಕೆಂಡಿಗೆ 60 ಫ್ರೇಮ್ ಕಳಿಸಿದರೆ ಸುಮಾರು 500 ಎಂಬಿ. 2.0 ವೇಗದ 4 ಲೇನ್ ಸುಮಾರು 2 ಜಿಬಿ ಸಾಗಿಸುತ್ತದೆ. 1080ಪಿಗೆ ಧಾರಾಳವಾಗಿ ಆಯಿತು. 4ಕೆ ಆದರೆ ನಾಲ್ಕು ಪಟ್ಟು, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಮಾಡುವಾಗ ಜನ ಎಡವುವುದು ಒಂದೇ ಕಡೆ: ಮಾನಿಟರ್ ಕೇಬಲ್ ಹಳೆಯ ಕಾರ್ಡಿಗೆ ಹಾಕಬೇಕು, ಹೊಸದಕ್ಕಲ್ಲ. ಹೊಸದಕ್ಕೆ ಹಾಕಿದರೆ ಪ್ರತಿ ಫ್ರೇಮ್ ಹೋಗಿ ಮತ್ತೆ ವಾಪಸ್ ಬರಬೇಕಾಗುತ್ತದೆ. ಆಮೇಲೆ ವಿಂಡೋಸ್ 11ರ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆಟಕ್ಕೆ ಹೊಸ ಕಾರ್ಡ್, ತಂತ್ರಾಂಶದೊಳಗೆ ಹಳೆಯ ಕಾರ್ಡ್ ಆರಿಸಿ. ಮೌಸ್ ಅಲುಗಿಸಿದ್ದು ಪರದೆಗೆ ಬರುವುದು ಸ್ವಲ್ಪ ತಡವಾಗುತ್ತದೆ. ಶೂಟಿಂಗ್ ಸ್ಪರ್ಧೆಯ ಆಟಗಳಿಗೆ ಹಾಕಬೇಡಿ. ಕಥೆ ಇರುವ ಆಟಗಳಿಗೆ, ಮೂಲ ಎಫ್‌ಪಿಎಸ್ 50-60 ಇದ್ದಾಗ, ತುಂಬಾ ಚೆನ್ನಾಗಿರುತ್ತದೆ.

ಹಾಗಾಗಿ 580 ಈಗಲೇ ಮಾರದೆ ಹೊಸದು ಕೊಳ್ಳಲು ಆಗುತ್ತದೆ ಅಂದರೆ ಒಂದು ವಾರ ಇಟ್ಟುಕೊಳ್ಳಿ. 6600 ಮೇಲೆ, 580 ಕೆಳಗೆ ಹಾಕಿ ಈ ದಾರಿ ನೋಡಿ, ಹಿಡಿಸದಿದ್ದರೆ ಆಗ ಮಾರಿ. ಅದಕ್ಕೂ ಮೊದಲು ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಬರೆದಿದೆ, ಕಾರ್ಡಿಗೆ ಹೋಗುವ 8 ಪಿನ್ ಕೇಬಲ್ ಎಷ್ಟಿವೆ ಅಂತ ನೋಡಿ ಕೆಳಗೆ ಬರೆಯಿರಿ. ಎರಡೂ ಕಾರ್ಡನ್ನು ಅದು ತಡೆಯುತ್ತದಾ ಅಂತ ಲೆಕ್ಕ ಹಾಕಿ ಹೇಳುತ್ತೇನೆ.