ವಿದೇಶಾಂಗ ನೀತಿಯ ಪಿಎಚ್‌ಡಿಗೆ ಸಂಶೋಧನಾ ಪ್ರಶ್ನೆಯನ್ನು ರೂಪಿಸಿಕೊಳ್ಳುವುದು ಹೇಗೆ?

‘ಅಮೆರಿಕ–ಸೋವಿಯತ್ ಸಂಬಂಧ’ ಎಂಬುದು ವಿಷಯ, ಪ್ರಶ್ನೆಯಲ್ಲ. ಒಂದು ನಿರ್ಧಾರವನ್ನು ಹಿಡಿಯಿರಿ: ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿಗಳನ್ನು ಇರಿಸಿದ್ದರಿಂದ ಎದ್ದ 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ವಾಯುದಾಳಿ ಬಿಟ್ಟು ನೌಕಾ ದಿಗ್ಬಂಧನವನ್ನೇ ಏಕೆ ಆರಿಸಿಕೊಂಡರು? ಇದಕ್ಕೆ ಕನಿಷ್ಠ ಎರಡು ಎದುರಾಳಿ ವಿವರಣೆಗಳನ್ನು ಇಟ್ಟುಕೊಳ್ಳಿ. ಯಾವ ದಾಖಲೆ ಸಿಕ್ಕರೆ ಯಾವುದು ಬಿದ್ದುಹೋಗುತ್ತದೆ ಎಂದು ಮೊದಲೇ ಬರೆದಿಡಿ.

ಹೆಚ್ಚಿನವರು ಎಡವುವುದು ಆಕರಗಳಲ್ಲಿ. ಭಾಷಣ, ಪತ್ರಿಕಾ ಹೇಳಿಕೆಗಳು ನಿರ್ಧಾರವನ್ನು ಸಮರ್ಥಿಸುತ್ತವೆ; ನಿಜವಾದ ಕಾರಣ ಅವುಗಳಲ್ಲಿ ಸಿಗುವುದು ಅಪರೂಪ. ಸೋವಿಯತ್ ಕ್ಷಿಪಣಿಗಳು ಕ್ಯೂಬಾದಿಂದ ಹೊರಟರೆ ಟರ್ಕಿಯಲ್ಲಿದ್ದ ತನ್ನ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವ ಭರವಸೆಯನ್ನು ಅಮೆರಿಕ ವರ್ಷಗಟ್ಟಲೆ ಗುಟ್ಟಾಗಿಟ್ಟಿತ್ತು. ಆಗಿನ ಹೇಳಿಕೆಗಳನ್ನಷ್ಟೇ ನಂಬಿದವರಿಗೆ ಒಪ್ಪಂದದ ಒಂದು ಮಗ್ಗುಲು ಮಾತ್ರ ಕಂಡಿತು. ಆದ್ದರಿಂದ ಸರ್ಕಾರಿ ಕಡತಗಳು ಸಂಶೋಧಕರಿಗೆ ತೆರೆದಿವೆಯೇ ಎಂದು ನೋಡಿಕೊಂಡೇ ಕಾಲಘಟ್ಟ ಆರಿಸಿ. ಬ್ರಿಟನ್‌ನಲ್ಲಿ ಈಗ ಸಾಮಾನ್ಯವಾಗಿ 20 ವರ್ಷಕ್ಕೆ ತೆರೆಯುತ್ತವೆ, ಸೂಕ್ಷ್ಮವಾದವು ಅದಕ್ಕೂ ತಡವಾಗಿ.